ವರದಿಯಲ್ಲಿಲ್ಲದ ಕಾಲಂ

(ಅಗ್ನಿಶಾಮಕ ಸೇವಾ ಸಪ್ತಾಹದ ಸಂದರ್ಭದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಘದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಭೆಯ ಕೊನೆಯಲ್ಲಿ ಬಂದ ಒಂದು ಪ್ರಶ್ನೆಯನ್ನೂ ಅದಕ್ಕೆ ಕೊಟ್ಟ ಉತ್ತರವನ್ನೂ ಸೇರಿಸಿದ್ದೇನೆ.)

ಸಭೆಗೆ ನಮಸ್ಕಾರ.

1944ರ ಏಪ್ರಿಲ್ 14ರ ಮಧ್ಯಾಹ್ನ ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟೈಕಿನ್ ಎಂಬ ಸರಕು ಹಡಗಿನ ಒಡಲಿನಿಂದ ಹೊಗೆ ಏಳತೊಡಗಿತು. ಆ ಒಡಲಿನಲ್ಲಿ ಹತ್ತಿಯ ಮೂಟೆಗಳ ಜೊತೆಗೆ ಸುಮಾರು 1,400 ಟನ್ ಸ್ಫೋಟಕಗಳಿದ್ದವು. ನೀರು ಹಾಯಿಸಲು ಬಂದ ಅಗ್ನಿಶಾಮಕರು ಸ್ಥಳ ಬಿಟ್ಟು ಕದಲಲಿಲ್ಲ. ನಾಲ್ಕು ಗಂಟೆ ದಾಟಿ ಆರು ನಿಮಿಷಕ್ಕೆ ಹಡಗು ಸಿಡಿಯಿತು. ಅಂದು ಸತ್ತ ನೂರಾರು ಜನರಲ್ಲಿ 66 ಮಂದಿ ಅಗ್ನಿಶಾಮಕರು. ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ನಾವು ಅಂಗಿಗೆ ಪುಟ್ಟ ಧ್ವಜ ಚುಚ್ಚಿಕೊಂಡು ಆಚರಿಸುವ ಈ ಸಪ್ತಾಹ ಅವರ ನೆನಪಿನದು.

ಆ 66 ಮಂದಿಯ ಲೆಕ್ಕ ನಮಗೆ ಸಿಕ್ಕಿದ್ದಕ್ಕೆ ಒಂದು ಕಾರಣವೆಂದರೆ ಅವರೆಲ್ಲ ಒಂದೇ ಜಾಗದಲ್ಲಿ, ಒಂದೇ ಸಂಜೆ, ಎಲ್ಲರ ಕಣ್ಣೆದುರು ತೀರಿಕೊಂಡರು. ನಾನು ಇಂದು ಮಾತಾಡಬೇಕೆಂದಿರುವುದು ಹಾಗೆ ಸಾಯದವರ ಬಗ್ಗೆ, ಅಂದರೆ ಬೆಂಕಿಯನ್ನು ಆರಿಸಿ, ಹೋಸ್ ಸುತ್ತಿ, ಠಾಣೆಗೆ ಮರಳಿ, ಮುಖ ತೊಳೆದುಕೊಂಡು ಮನೆಗೆ ಹೋಗಿ, ಇಪ್ಪತ್ತು ವರ್ಷದ ನಂತರ ಯಾವುದೋ ಆಸ್ಪತ್ರೆಯ ವಾರ್ಡಿನಲ್ಲಿ ತೀರಿಕೊಳ್ಳುವವರ ಬಗ್ಗೆ. ಅವರ ಸಾವಿಗೆ ಧ್ವಜವೂ ಇಲ್ಲ, ಲೆಕ್ಕವೂ ಇಲ್ಲ.

ಲೆಕ್ಕ ಎಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. ಒಂದು ಕರೆ ಮುಗಿದ ಮೇಲೆ ಠಾಣೆಯಲ್ಲಿ ಅಗ್ನಿ ವರದಿ ಬರೆಯುತ್ತಾರೆ. ಕರೆ ಬಂದ ಹೊತ್ತು, ವಾಹನ ಹೊರಟ ಹೊತ್ತು, ಸ್ಥಳ ತಲುಪಿದ ಹೊತ್ತು, ಬೆಂಕಿಗೆ ಕಾರಣ, ನಷ್ಟವಾದ ಆಸ್ತಿಯ ಬೆಲೆ, ಉಳಿಸಿದ ಆಸ್ತಿಯ ಬೆಲೆ ಎಲ್ಲವೂ ಅದರಲ್ಲಿ ದಾಖಲಾಗುತ್ತವೆ. ಉಳಿಸಿದ ಆಸ್ತಿಯ ಕಾಲಂ ಈ ಇಲಾಖೆಯ ಹೆಮ್ಮೆ. ವರ್ಷದ ಕೊನೆಯಲ್ಲಿ ಅದನ್ನು ಕೂಡಿಸಿ ಪ್ರಕಟಿಸುತ್ತಾರೆ, ಪ್ರಕಟಿಸಬೇಕಾದದ್ದೇ. ಗಾಯಗೊಂಡವರು, ಸತ್ತವರು ಎಂಬ ಕಾಲಂ ಕೂಡ ಇರುತ್ತದೆ. ಆದರೆ ಯಾವ ಸಿಬ್ಬಂದಿ ಯಾವ ವಸ್ತುವಿನ ಹೊಗೆಯಲ್ಲಿ ಎಷ್ಟು ಹೊತ್ತು ನಿಂತಿದ್ದರು, ಉಸಿರಾಟದ ಉಪಕರಣ ಹಾಕಿಕೊಂಡಿದ್ದರೋ ಇಲ್ಲವೋ ಎಂದು ಬರೆಯುವ ಕಾಲಂ ನಾನು ನೋಡಿದ ಯಾವ ವರದಿಯಲ್ಲೂ ಇರಲಿಲ್ಲ. ಈ ಇಡೀ ಉಪನ್ಯಾಸ ಆ ಒಂದು ಕಾಲಮ್ಮಿಗಾಗಿ ಎಂದು ತಿಳಿದುಕೊಂಡರೂ ತಪ್ಪಿಲ್ಲ.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ, ಫ್ರಾನ್ಸಿನ ಲಿಯೋನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಎಂಟು ದೇಶಗಳ 25 ತಜ್ಞರನ್ನು ಸೇರಿಸಿ ಅಗ್ನಿಶಾಮಕ ವೃತ್ತಿಯನ್ನು ಮರುಪರಿಶೀಲಿಸಿತು. ಅಲ್ಲಿಯವರೆಗೆ ಈ ವೃತ್ತಿ ‘ಕ್ಯಾನ್ಸರ್ ತರಬಹುದೇನೋ’ ಎಂಬ ಅನುಮಾನದ ಗುಂಪಿನಲ್ಲಿತ್ತು. ಅಂದಿನಿಂದ ಅದು ಮೊದಲನೆಯ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಸಾಬೀತಾದವುಗಳ ಗುಂಪಿಗೆ ಸೇರಿತು. ಮೀಸೋಥೀಲಿಯೋಮಾ ಎಂಬ, ಹೆಚ್ಚಾಗಿ ಶ್ವಾಸಕೋಶದ ಹೊರಪೊರೆಯಲ್ಲಿ ಹುಟ್ಟುವ ಕ್ಯಾನ್ಸರಿಗೆ ಮತ್ತು ಮೂತ್ರಕೋಶದ ಕ್ಯಾನ್ಸರಿಗೆ ಸಾಕಷ್ಟು ಪುರಾವೆಯಿದೆಯೆಂದೂ, ದೊಡ್ಡ ಕರುಳು, ಪ್ರಾಸ್ಟೇಟ್, ವೃಷಣ, ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಮತ್ತು ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರಿನ ಒಂದು ಬಗೆಗೆ ಸೀಮಿತ ಪುರಾವೆಯಿದೆಯೆಂದೂ ಆ ತಜ್ಞರು ಹೇಳಿದರು. ಇಲ್ಲೊಂದು ಎಚ್ಚರಿಕೆ ಅಗತ್ಯ. ಮೊದಲನೆಯ ಗುಂಪು ಎಂದರೆ ಪುರಾವೆ ಗಟ್ಟಿಯಾಗಿದೆ ಎಂದಷ್ಟೇ ಅರ್ಥ. ಅಪಾಯದ ಪ್ರಮಾಣ ಎಷ್ಟೆಂದು ಅದು ಹೇಳುವುದಿಲ್ಲ. ತಂಬಾಕೂ ಅದೇ ಗುಂಪಿನಲ್ಲಿದೆ ಎಂಬ ಕಾರಣಕ್ಕೆ ಎರಡೂ ಒಂದೇ ಎಂದು ಯಾರಾದರೂ ಹೇಳಿದರೆ ತಿದ್ದಬೇಕು. ನಮ್ಮ ವಾದ ನಿಲ್ಲಬೇಕಾದರೆ ಅದರಲ್ಲಿ ಉತ್ಪ್ರೇಕ್ಷೆ ಇರಬಾರದು.

ಪ್ರಮಾಣದ ಅಂದಾಜು ಬೇಕೆನ್ನುವವರಿಗೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಒಂದು ಅಧ್ಯಯನವಿದೆ. ಷಿಕಾಗೊ, ಫಿಲಡೆಲ್ಫಿಯಾ, ಸ್ಯಾನ್‌ಫ್ರಾನ್ಸಿಸ್ಕೊ ನಗರಗಳ ಸುಮಾರು 30,000 ಅಗ್ನಿಶಾಮಕರ ದಾಖಲೆಗಳನ್ನು 1950ರಿಂದ 2009ರವರೆಗೆ ಬೆನ್ನುಹತ್ತಿದಾಗ, ಸಾಮಾನ್ಯ ಜನರಿಗಿಂತ ಅವರಲ್ಲಿ ಕ್ಯಾನ್ಸರ್ ಪತ್ತೆ ಶೇಕಡ 9ರಷ್ಟು, ಕ್ಯಾನ್ಸರಿನಿಂದ ಸಾವು ಶೇಕಡ 14ರಷ್ಟು ಹೆಚ್ಚಾಗಿತ್ತು. ‘ಬರೀ ಒಂಬತ್ತೇ?’ ಎಂದು ಕೇಳುವವರು ಒಂದು ವಿಷಯ ಮರೆಯಬಾರದು. ಈ ಕೆಲಸಕ್ಕೆ ಸೇರುವಾಗ ಎದೆಯಳತೆ, ಓಟ, ಹಗ್ಗ ಹತ್ತುವುದು, ವೈದ್ಯಕೀಯ ತಪಾಸಣೆ ಎಲ್ಲ ದಾಟಿದವರಷ್ಟೇ ಒಳಗೆ ಬರುತ್ತಾರೆ. ಅಂದರೆ ಸರಾಸರಿಗಿಂತ ಗಟ್ಟಿಮುಟ್ಟಾಗಿದ್ದವರನ್ನು ಆರಿಸಿ ತಂದು, ಅವರನ್ನು ಸರಾಸರಿಗಿಂತ ಕೆಳಕ್ಕೆ ಇಳಿಸಿದ್ದೇವೆ. ಆ ಒಂಬತ್ತನ್ನು ಹಾಗೆ ಓದಬೇಕು.

ಇದೆಲ್ಲ ವಿದೇಶದ ಮಾತಾಯಿತು, ನಮ್ಮೂರಿನ ಬೆಂಕಿ ಬೇರೆ ಎನ್ನಬಹುದು. ಬೇರೆ ಹೌದು. ಹಳ್ಳಿಗಳಲ್ಲಿ ಹುಲ್ಲಿನ ಬಣವೆ, ಕಬ್ಬಿನ ಗದ್ದೆ. ಪಟ್ಟಣಗಳಲ್ಲಿ ಗುಜರಿ ಗೋದಾಮು, ಪ್ಲೈವುಡ್ ಅಂಗಡಿ, ಹಾಸಿಗೆ ಮಳಿಗೆ, ಈಚೆಗೆ ಬ್ಯಾಟರಿ ಸ್ಕೂಟರಿನ ಷೋರೂಮು. ಇವುಗಳಲ್ಲಿ ಎಲ್ಲೆಡೆಯೂ ಕಾಣುವ ಒಂದು ವಸ್ತುವನ್ನು ಮಾತ್ರ ಹೇಳುತ್ತೇನೆ, ಅದು ಛಾವಣಿಯ ಕಲ್ನಾರಿನ (ಆಸ್ಬೆಸ್ಟಾಸ್) ಶೀಟು. ಬೆಂಕಿಯ ಝಳಕ್ಕೆ ಅದು ಪಟಾಕಿಯಂತೆ ಸಿಡಿದು ಚೂರುಚೂರಾಗುವ ಸದ್ದನ್ನು ಈ ಸಭೆಯಲ್ಲಿರುವ ಸಿಬ್ಬಂದಿಯೆಲ್ಲ ಕೇಳಿರುತ್ತೀರಿ. ಆ ಚೂರುಗಳನ್ನು ಕೊಕ್ಕೆಯಿಂದ ಎಳೆದು, ಬೂಟಿನಿಂದ ತುಳಿದು, ಒಣಗಿದ ಮೇಲೆ ಧೂಳೆಬ್ಬಿಸಿ ನಡೆದಾಡುವವರು ಅಗ್ನಿಶಾಮಕರು. ಕಲ್ನಾರಿನ ಎಳೆ ಉಸಿರಿನೊಳಗೆ ಹೋದರೆ ಬರುವ ಕಾಯಿಲೆಗಳಲ್ಲಿ ನಾನು ಆಗಲೇ ಹೇಳಿದ ಮೀಸೋಥೀಲಿಯೋಮಾ ಮುಖ್ಯವಾದದ್ದು. ಅದು ತಲೆಯೆತ್ತಲು ಮೂವತ್ತು, ನಲವತ್ತು ವರ್ಷ ಬೇಕು. ಅನೇಕ ದೇಶಗಳು ಕಲ್ನಾರನ್ನು ಪೂರ್ತಿ ನಿಷೇಧಿಸಿವೆ, ನಾವು ಇಂದಿಗೂ ಆಮದು ಮಾಡಿಕೊಂಡು ಶೀಟು ತಯಾರಿಸುತ್ತಿದ್ದೇವೆ. ಹಾಗಿರುವಾಗ ಹೊರದೇಶದ ಪುರಾವೆ ನಮಗೆ ಅನ್ವಯಿಸುವುದಿಲ್ಲ ಎಂಬ ಸಮಾಧಾನಕ್ಕೆ ಆಧಾರವೆಲ್ಲಿದೆ?

ಮನೆಯೊಳಗಿನ ಬೆಂಕಿಯೂ ಬದಲಾಗಿದೆ. ಮರದ ಮಂಚ, ಹತ್ತಿಯ ಹಾಸಿಗೆ ಇದ್ದ ಕೋಣೆಗೂ ಫೋಮಿನ ಸೋಫಾ, ಪಾಲಿಯೆಸ್ಟರ್ ಪರದೆ ಇರುವ ಕೋಣೆಗೂ ಒಂದೇ ಬಗೆಯಲ್ಲಿ ಕಿಡಿ ಹಚ್ಚಿ ಸುರಕ್ಷತಾ ಪರೀಕ್ಷೆಗಳನ್ನು ನಡೆಸುವ ಅಮೆರಿಕದ ಯುಎಲ್ ಸಂಸ್ಥೆ ಪ್ರಯೋಗ ಮಾಡಿತು. ಹಳೆಯ ಕಾಲದ ಕೋಣೆ ಪೂರ್ತಿ ಹೊತ್ತಿಕೊಳ್ಳಲು ಸುಮಾರು ಅರ್ಧ ಗಂಟೆ ತೆಗೆದುಕೊಂಡರೆ, ಹೊಸ ಕೋಣೆ ಐದು ನಿಮಿಷದೊಳಗೆ ಕುಲುಮೆಯಾಗಿತ್ತು. ಫೋಮು ಉರಿದಾಗ ಇಂಗಾಲದ ಮೊನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಅನಿಲವೂ ಬರುತ್ತದೆ.

ಆದರೂ ಜ್ವಾಲೆ ಎದ್ದಿರುವ ಹೊತ್ತಿಗಿಂತ ನನ್ನನ್ನು ಹೆಚ್ಚು ಕಾಡುವುದು ಬೆಂಕಿ ಆರಿದ ಮೇಲಿನ ಹೊತ್ತು. ಜ್ವಾಲೆ ಇರುವಾಗ ಭಯವಿರುತ್ತದೆ, ಭಯವಿದ್ದಾಗ ಬಿ.ಎ. ಸೆಟ್ಟು, ಅಂದರೆ ಉಸಿರಾಟದ ಉಪಕರಣ, ಮುಖದ ಮೇಲಿರುತ್ತದೆ. ಸಿಲಿಂಡರಿನ ಗಾಳಿ ಲೆಕ್ಕಕ್ಕೆ ಅರ್ಧ, ಮುಕ್ಕಾಲು ಗಂಟೆಯದಾದರೂ, ಏದುಸಿರು ಬಿಡುತ್ತಾ ದುಡಿಯುವವನಿಗೆ ಅದಕ್ಕಿಂತ ಬೇಗ ಮುಗಿದು ಸೀಟಿ ಕೂಗತೊಡಗುತ್ತದೆ. ಅಷ್ಟು ಹೊತ್ತಿಗೆ ಜ್ವಾಲೆ ಅಡಗಿರುತ್ತದೆ, ಮಾಲೀಕರು ನಿಟ್ಟುಸಿರು ಬಿಟ್ಟಿರುತ್ತಾರೆ, ಜನ ಚದುರಿರುತ್ತಾರೆ. ಸಿಬ್ಬಂದಿ ಮುಖಗವಸು ಕಳಚಿ, ಒಳಗೆ ಹೊಗೆಯಾಡುತ್ತಿರುವ ಮೂಟೆಗಳನ್ನು ಎಳೆದು ಹರಡಿ, ಗೋಡೆಯ ಸಂದಿಗಳಿಗೆ ನೀರು ಬಿಟ್ಟು ತಣಿಸುವ ಕೆಲಸಕ್ಕೆ ಇಳಿಯುತ್ತಾರೆ. ಈ ತಣಿಸುವ ಹಂತದಲ್ಲಿ ಕಣ್ಣಿಗೆ ಹೊಗೆ ಅಷ್ಟಾಗಿ ಕಾಣಿಸದಿದ್ದರೂ ಬೆಂಜೀನ್, ಫಾರ್ಮಾಲ್ಡಿಹೈಡ್, ಮೊನಾಕ್ಸೈಡ್ ಮತ್ತು ಕಣ್ಣಿಗೆ ಬೀಳದ ನವಿರು ಮಸಿ ಗಾಳಿಯಲ್ಲಿ ತುಂಬಿಕೊಂಡೇ ಇರುತ್ತವೆ. ಬಣವೆ ಬೆಂಕಿಯಾದರೆ ಈ ಕೆಲಸ ಬೆಳಗಾಗುವವರೆಗೂ ನಡೆಯುತ್ತದೆ, ಬಣವೆಗೆ ಬಿ.ಎ. ಸೆಟ್ಟು ಹಾಕಿಕೊಂಡರೆ ಜೊತೆಯವರೇ ನಗುತ್ತಾರೆ. ಮೂಗಿಗೆ ಒದ್ದೆ ಕರವಸ್ತ್ರ ಕಟ್ಟಿಕೊಳ್ಳುವುದು ನಮ್ಮಲ್ಲಿ ಬಹುಕಾಲದ ರೂಢಿ. ಒದ್ದೆ ಬಟ್ಟೆ ದಪ್ಪ ಮಸಿಯನ್ನು ಒಂದಿಷ್ಟು ಹಿಡಿದೀತು, ಅನಿಲವನ್ನು ಹಿಡಿಯಲಾರದು.

ಉಸಿರಿನಿಂದ ಮಾತ್ರ ಒಳಗೆ ಹೋಗುತ್ತದೆ ಎಂದುಕೊಂಡಿದ್ದರೆ ಅದೂ ಅರ್ಧ ಸತ್ಯ. ಮೈ ಬಿಸಿಯಾದಾಗ, ಬೆವರಿದಾಗ ಚರ್ಮ ಹೆಚ್ಚು ಹೀರಿಕೊಳ್ಳುತ್ತದೆ; ಹೆಲ್ಮೆಟ್ಟಿಗೂ ಕೋಟಿಗೂ ನಡುವೆ ಉಳಿಯುವ ಕುತ್ತಿಗೆಯ ಭಾಗ ಇದರಲ್ಲಿ ಎಲ್ಲಕ್ಕಿಂತ ದುರ್ಬಲ. ಮಸಿ ಹಿಡಿದ ಕೋಟು, ಕೈಗವಸುಗಳನ್ನು ಜಲವಾಹನದ ಕ್ಯಾಬಿನ್ನಿನೊಳಗೇ ಹಾಕಿಕೊಂಡು ಠಾಣೆಗೆ ಬಂದರೆ ದಾರಿಯುದ್ದಕ್ಕೂ ಅದರಿಂದ ಏಳುವ ವಾಸನೆಯನ್ನು ಸಿಬ್ಬಂದಿಯೇ ಉಸಿರಾಡುತ್ತಾರೆ. ಅದೇ ಬಟ್ಟೆ ಮನೆಗೆ ಹೋದರೆ ಹೆಂಡತಿಯೋ ತಾಯಿಯೋ ಮಕ್ಕಳ ಬಟ್ಟೆಯ ಜೊತೆ ಅದನ್ನು ನೆನೆಹಾಕುತ್ತಾರೆ. ಮಸಿ ಬಳಿದ ಹೆಲ್ಮೆಟ್ಟನ್ನು ಅನುಭವದ ಗುರುತೆಂದು ಮೆರೆಸುವ ಹಳೆಯ ಹುರುಪು ಬಹಳ ದೇಶಗಳಲ್ಲಿತ್ತು. ಈಗ ಅಲ್ಲೆಲ್ಲ ಅದು ಅಜ್ಞಾನದ ಗುರುತು ಎಂದು ಹೊಸಬರಿಗೆ ಕಲಿಸುತ್ತಿದ್ದಾರೆ. ಸ್ಥಳದಲ್ಲೇ ನೀರು, ಸೋಪಿನಿಂದ ಉಡುಪನ್ನು ಒಮ್ಮೆ ಉಜ್ಜಿ, ಚೀಲದಲ್ಲಿ ಕಟ್ಟಿ, ಮುಖ, ಕುತ್ತಿಗೆ ಒರೆಸಿಕೊಂಡು, ಠಾಣೆಗೆ ಬಂದ ಕೂಡಲೇ ಸ್ನಾನ ಮಾಡುವುದು. ಇದಕ್ಕೆ ಬೇಕಾದದ್ದು ಪ್ರತಿಯೊಬ್ಬರಿಗೂ ಎರಡು ಜೊತೆ ರಕ್ಷಣಾ ಉಡುಪು ಮತ್ತು ಠಾಣೆಗೊಂದು ತೊಳೆಯುವ ಯಂತ್ರ. ಬೆಂಗಳೂರಿಗೆ 90 ಮೀಟರ್ ಎತ್ತರಕ್ಕೆ ಏರುವ ಏಣಿ ವಾಹನ ಬಂದದ್ದನ್ನು ನಾವೆಲ್ಲ ಚಿತ್ರ ಸಮೇತ ನೋಡಿದೆವು. ಅದು ಬೇಕಿತ್ತು, ಬಂದದ್ದು ಒಳ್ಳೆಯದೇ. ತೊಳೆಯುವ ಯಂತ್ರಕ್ಕೆ ಮಾತ್ರ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ.

ಹೃದಯದ ವಿಷಯಕ್ಕೆ ಬರುತ್ತೇನೆ. 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಕರ್ತವ್ಯದ ಮೇಲಿದ್ದಾಗ ಹೃದಯಾಘಾತದಿಂದ ಸತ್ತ ಅಗ್ನಿಶಾಮಕರನ್ನು ಪರಿಶೀಲಿಸಿತು. ವರ್ಷದ ಕೆಲಸದ ಹೊತ್ತಿನಲ್ಲಿ ಬೆಂಕಿಯೊಡನೆ ನೇರವಾಗಿ ಸೆಣಸುವುದು ಶೇಕಡ 1ರಿಂದ 5ರಷ್ಟು ಮಾತ್ರ. ಆದರೆ ಅಂಥ ಸಾವುಗಳಲ್ಲಿ ಶೇಕಡ 32ರಷ್ಟು ಆ ಹೊತ್ತಿನಲ್ಲೇ ಸಂಭವಿಸಿದ್ದವು. ನಿದ್ದೆಗಣ್ಣಿನಲ್ಲಿ ಗಂಟೆ ಕೇಳಿ ಎದ್ದು, ಇಪ್ಪತ್ತು ಕಿಲೋಗೂ ಮೀರಿದ ಉಡುಪು, ಉಪಕರಣ ಹೊತ್ತು ನಾಲ್ಕನೆಯ ಮಹಡಿಗೆ ಓಡುವ ದೇಹದ ಮೇಲೆ ಬೀಳುವ ಹೊರೆ ಅಂಥದ್ದು. ಬೆಂಕಿಯ ಶಾಖ ಒಳಬರದಂತೆ ತಡೆಯುವ ಉಡುಪು ಮೈಯ ಶಾಖವನ್ನೂ ಹೊರಬಿಡುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಈ ಮಾತಿಗೆ ತೂಕ ಇನ್ನೂ ಹೆಚ್ಚು. ನಲವತ್ತು ದಾಟಿದ ಸಿಬ್ಬಂದಿಗೆ ವರ್ಷಕ್ಕೊಮ್ಮೆ ಹೃದಯ ಪರೀಕ್ಷೆ, ಸ್ಥಳದಲ್ಲಿ ಇಂತಿಷ್ಟು ನಿಮಿಷ ದುಡಿದ ಮೇಲೆ ಹೊರಗೆ ಬಂದು ಕೋಟು ಬಿಚ್ಚಿ ಕೂತು ನೀರು ಕುಡಿಯಲೇಬೇಕೆಂಬ ನಿಯಮ, ಅದಕ್ಕೆ ಬೇಕಾದ ಬದಲಿ ತಂಡ ಇವೆಲ್ಲ ಐಷಾರಾಮದ ಬೇಡಿಕೆಗಳಲ್ಲ.

ಇನ್ನು ಸ್ಥಳದಲ್ಲೇ ಆಗುವ ಸಾವುಗಳು. 2015ರ ಮೇ ತಿಂಗಳಲ್ಲಿ ಮುಂಬಯಿಯ ಕಾಲಬಾದೇವಿಯ ಹಳೆಯ ಕಟ್ಟಡವೊಂದು ಬೆಂಕಿಗೆ ಕುಸಿದ ದುರಂತದಲ್ಲಿ ಆ ನಗರದ ಅಗ್ನಿಶಾಮಕ ದಳದ ಮುಖ್ಯಾಧಿಕಾರಿಯೂ ಸೇರಿ ನಾಲ್ವರು ಅಧಿಕಾರಿಗಳು ಪ್ರಾಣ ಕಳೆದುಕೊಂಡರು. 2021ರ ಮಾರ್ಚ್ 8ರಂದು ಕೋಲ್ಕತ್ತದ ಸ್ಟ್ರ್ಯಾಂಡ್ ರಸ್ತೆಯ ರೈಲ್ವೆ ಕಚೇರಿ ಕಟ್ಟಡದಲ್ಲಿ ಒಂಬತ್ತು ಮಂದಿ ಸತ್ತರು, ಅವರಲ್ಲಿ ನಾಲ್ವರು ಅಗ್ನಿಶಾಮಕರು; ಬೆಂಕಿಯಿದ್ದ ಮಹಡಿಗೆ ಲಿಫ್ಟಿನಲ್ಲಿ ಹೋದದ್ದು ಮುಳುವಾಯಿತು. ಬೆಂಕಿ ಬಿದ್ದಾಗ ಲಿಫ್ಟ್ ಹತ್ತಬಾರದು ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು, ಬೇರೆಯವರಿಗೆ ಅದನ್ನು ಕಲಿಸುವವರಿಗೆ ಗೊತ್ತಿರಲಿಲ್ಲವೇ ಎಂದು ಆಗ ಕೆಲವರು ಆಡಿಕೊಂಡರು. ನನಗೆ ಆ ಮಾತು ಸರಿ ಕಾಣುವುದಿಲ್ಲ. ಮೇಲೆ ಜನ ಸಿಕ್ಕಿಕೊಂಡಿದ್ದಾರೆ ಎಂಬ ಕೂಗು ಕಿವಿಗೆ ಬಿದ್ದಾಗ ನಿಯಮ ಗೊತ್ತಿರುವುದೊಂದೇ ಸಾಲದು. ಬೆಂಕಿ ಆರಿಸುವ ಹೊಣೆಯಿಲ್ಲದ, ತನ್ನವರನ್ನು ಕಾಯುವ ಹೊಣೆ ಮಾತ್ರ ಇರುವ, ‘ಬೇಡ, ಇಳಿಯಿರಿ’ ಎಂದು ಮೇಲಧಿಕಾರಿಯನ್ನೂ ತಡೆಯಬಲ್ಲ ಒಬ್ಬ ಸುರಕ್ಷಾ ಅಧಿಕಾರಿ ಸ್ಥಳದಲ್ಲಿರಬೇಕು. ದೊಡ್ಡ ಕರೆಗಳಿಗೆ ಅಂಥವರನ್ನು ನೇಮಿಸುವುದು ಅಮೆರಿಕದಲ್ಲಿ ಬಹುಕಾಲದಿಂದ ನಡೆದುಬಂದಿದೆ.

ಈಗ ಆ ಕಾಲಮ್ಮಿಗೆ ಮರಳುತ್ತೇನೆ, ಏಕೆಂದರೆ ಪರಿಹಾರದ ದಾರಿ ಅಲ್ಲಿಂದಲೇ ಶುರುವಾಗುತ್ತದೆ. ಕರ್ತವ್ಯದಲ್ಲಿ ಸುಟ್ಟ ಗಾಯವಾದರೆ ಅದು ಕೆಲಸದಿಂದ ಆದದ್ದೆಂದು ಸಾಬೀತುಮಾಡುವುದು ಕಷ್ಟವಲ್ಲ. ನಿವೃತ್ತರಾಗಿ ಎಂಟು ವರ್ಷದ ಮೇಲೆ ಮೂತ್ರಕೋಶದಲ್ಲಿ ಗಡ್ಡೆ ಕಂಡರೆ ಅದು ಯಾವ ಗೋದಾಮಿನ ಹೊಗೆಯಿಂದ ಬಂತೆಂದು ಯಾರು ತಾನೇ ತೋರಿಸಬಲ್ಲರು? ಈ ಕಷ್ಟಕ್ಕೆ ಕೆಲವು ದೇಶಗಳು ಕಂಡುಕೊಂಡ ಉಪಾಯವೆಂದರೆ ಸಾಬೀತಿನ ಹೊರೆಯನ್ನು ತಿರುಗಿಸುವುದು. ಇಷ್ಟು ವರ್ಷ ಅಗ್ನಿಶಾಮಕನಾಗಿ ದುಡಿದವನಿಗೆ ಪಟ್ಟಿಯಲ್ಲಿರುವ ಕ್ಯಾನ್ಸರ್ ಬಂದರೆ ಅದು ವೃತ್ತಿಯಿಂದಲೇ ಬಂದದ್ದೆಂದು ಕಾನೂನು ಮೊದಲೇ ಒಪ್ಪಿಕೊಳ್ಳುತ್ತದೆ. ಅಲ್ಲವೆನ್ನುವವರು ಅಲ್ಲವೆಂದು ತೋರಿಸಬೇಕು. ಕೆನಡಾದಲ್ಲಿ ಮ್ಯಾನಿಟೋಬಾ ಪ್ರಾಂತ್ಯ 2002ರಲ್ಲಿ ಇಂಥ ಕಾನೂನು ಮಾಡಿತು; ಉಳಿದ ಪ್ರಾಂತ್ಯಗಳು ಒಂದೊಂದಾಗಿ ಹಿಂಬಾಲಿಸಿದವು. ನ್ಯೂಯಾರ್ಕಿನಲ್ಲಿ 2001ರ ಸೆಪ್ಟೆಂಬರ್ 11ರಂದು ಸತ್ತ ಅಗ್ನಿಶಾಮಕರು 343 ಮಂದಿ. ಆ ಅವಶೇಷಗಳ ಧೂಳಿನಲ್ಲಿ ದುಡಿದು ನಂತರದ ವರ್ಷಗಳಲ್ಲಿ ಕಾಯಿಲೆಯಿಂದ ಸತ್ತವರ ಸಂಖ್ಯೆ 2023ರ ಸೆಪ್ಟೆಂಬರಿನಲ್ಲಿ ಅದೇ 343ನ್ನು ಮುಟ್ಟಿತು. ಅಲ್ಲಿ ಈ ಎರಡನೆಯ ಸಂಖ್ಯೆ ಗೊತ್ತಾದದ್ದು ಯಾರು ಎಲ್ಲಿ ಎಷ್ಟು ದಿನ ದುಡಿದರೆಂದು ಬರೆದಿಟ್ಟು, ಅವರ ಆರೋಗ್ಯವನ್ನು ವರ್ಷವರ್ಷವೂ ನೋಡುತ್ತ ಬಂದದ್ದರಿಂದ.

ಈ ಕಾನೂನು ನಮ್ಮ ನೆಲಕ್ಕೆ ಹೊಸದು ಎಂದು ತಿಳಿಯಬೇಕಾಗಿಲ್ಲ. 1923ರ ಕಾರ್ಮಿಕ ಪರಿಹಾರ ಕಾಯ್ದೆಯಲ್ಲಿ ಮೂರನೆಯ ಅನುಸೂಚಿ ಎಂಬುದೊಂದಿತ್ತು. ಉದಾಹರಣೆಗೆ ಸೀಸದ ಕೆಲಸದಲ್ಲಿ ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ನಿರಂತರವಾಗಿ ದುಡಿದವನಿಗೆ ಸೀಸದ ವಿಷ ಏರಿದರೆ, ಬೇರೆ ಕಾರಣವಿದೆಯೆಂದು ಸಾಬೀತಾಗದ ಹೊರತು, ಅದನ್ನು ಕೆಲಸದಲ್ಲಾದ ಅಪಘಾತವೆಂದೇ ಎಣಿಸಬೇಕೆಂದು ಅದು ಹೇಳುತ್ತಿತ್ತು. ಅದರ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇದೇ ಬಗೆಯ ಪಟ್ಟಿಯನ್ನು ಉಳಿಸಿಕೊಂಡಿದೆ. ಸೀಸ, ಬೆಂಜೀನ್, ಕಲ್ನಾರು ಎಂದು ಒಂದೊಂದೇ ವಸ್ತುವನ್ನು ಹೆಸರಿಸುವ ಆ ಪಟ್ಟಿ, ಇವೆಲ್ಲವನ್ನೂ ಒಂದೇ ರಾತ್ರಿಯಲ್ಲಿ ಉಸಿರಾಡುವ ಅಗ್ನಿಶಾಮಕನನ್ನು ಹೆಸರಿಸುವುದಿಲ್ಲ. ಅಗ್ನಿಶಾಮಕ ಸೇವೆ ರಾಜ್ಯದ ವಿಷಯ. ಕರ್ನಾಟಕದಲ್ಲಿ ಅದಕ್ಕೆ 1964ರದೇ ಆದ ಪ್ರತ್ಯೇಕ ಕಾಯ್ದೆಯಿದೆ. ರಾಜ್ಯ ಮನಸ್ಸು ಮಾಡಿದರೆ ತನ್ನ ಸಿಬ್ಬಂದಿಗೆ ಇಂಥ ಪಟ್ಟಿಯೊಂದನ್ನು ತಾನೇ ಒಪ್ಪಿಕೊಳ್ಳಬಹುದು ಎಂಬುದು ನನ್ನ ಅಭಿಪ್ರಾಯ. ಆದರೆ ದಾಖಲೆಯಿಲ್ಲದ ಕಡೆ ಕಾನೂನಿಗೆ ಕಾಲೂರಲು ಜಾಗವಿರುವುದಿಲ್ಲ. ಅದಕ್ಕೇ ಮೊದಲು ಕಾಲಂ ಬೇಕು ಎನ್ನುತ್ತಿದ್ದೇನೆ. ಅದಕ್ಕೆ ಹಣ ಬೇಡ, ಸುತ್ತೋಲೆಯೊಂದು ಸಾಕು.

ಹಣ ಬೇಕಾದದ್ದಕ್ಕೂ ದಾರಿಯಿಲ್ಲದೆ ಇಲ್ಲ. ರಾಜ್ಯಗಳ ಅಗ್ನಿಶಾಮಕ ಸೇವೆಯ ವಿಸ್ತರಣೆ, ಆಧುನೀಕರಣಕ್ಕೆಂದು ಕೇಂದ್ರ ಸರ್ಕಾರ 2023ರಲ್ಲಿ 5,000 ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿತು. ವಾಹನಗಳ ಪಟ್ಟಿ ಮಾಡುವ ಕೈಗಳು ಉಡುಪು, ಬಿ.ಎ. ಸೆಟ್ಟು, ಸ್ನಾನದ ಮನೆ, ತಪಾಸಣೆಗಳನ್ನೂ ಅಷ್ಟೇ ಗಂಭೀರವಾಗಿ ಬರೆಯಬೇಕು. ಇದನ್ನು ಕೇಳಬೇಕಾದವರು ನಾವು. ಅಮೆರಿಕದಲ್ಲಿ 1918ರಲ್ಲೇ ಹುಟ್ಟಿದ ಅಗ್ನಿಶಾಮಕರ ದೊಡ್ಡ ಸಂಘ ಅವರ ಪರವಾಗಿ ಸಂಸತ್ತಿನವರೆಗೂ ಹೋಗಿ ವಾದಿಸುತ್ತದೆ. ಸಮವಸ್ತ್ರದ ಶಿಸ್ತಿನಲ್ಲಿರುವ ನಮ್ಮವರು ತಮ್ಮ ಮೈಗಾದ ನೋವನ್ನು ಪತ್ರಿಕೆಯೆದುರು ಹೇಳಿಕೊಳ್ಳುವುದು ಸುಲಭವಲ್ಲ. 2010ರ ಫೆಬ್ರುವರಿಯಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಒಂಬತ್ತು ಜನ ಸತ್ತ ಮೇಲೆ ಮೃತರ ಬಂಧುಗಳೇ ಒಂದುಗೂಡಿ ಕಟ್ಟಡಗಳ ಅಗ್ನಿ ಸುರಕ್ಷತೆಗಾಗಿ ದನಿಯೆತ್ತಿದರು. ಕಟ್ಟಡದೊಳಗೆ ಸಿಕ್ಕಿಕೊಂಡವರಿಗಾಗಿ ಎದ್ದ ಆ ದನಿ, ಅವರನ್ನು ತರಲು ಒಳಗೆ ಹೋಗುವವರಿಗಾಗಿಯೂ ಏಳಬೇಕು.

ಸಭೆಯ ಕೊನೆಯಲ್ಲಿ ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಎದ್ದು ನಿಂತು, “ನಮ್ಮ ಯಜಮಾನರು ಸರ್ವಿಸ್ ಮುಗಿಸಿ ಆರು ವರ್ಷ ಆಯ್ತು ಸಾರ್. ಇನ್ನು ಕಾಲಂ ಬಂದು ಅವರಿಗೇನು ಪ್ರಯೋಜನ?” ಎಂದು ಕೇಳಿದರು. ನಾನು ಕೊಟ್ಟ ಉತ್ತರವನ್ನು ಇದ್ದ ಹಾಗೇ ಬರೆಯುತ್ತೇನೆ.

“ಅಮ್ಮಾ, ಅವರನ್ನು ಕೂರಿಸಿಕೊಂಡು ನೆನಪಿರುವಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಯಾವ ವರ್ಷ ಯಾವ ಠಾಣೆ, ಮರೆಯಲಾಗದ ದೊಡ್ಡ ಬೆಂಕಿ ಯಾವುದು, ಏನು ಉರಿಯುತ್ತಿತ್ತು, ಜೊತೆಗೆ ಯಾರಿದ್ದರು. ಎರಡನೆಯದು, ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲದಿದ್ದರೂ, ಒಂದೇ ಸಲ ಕಂಡು ನಿಂತುಹೋದರೂ, ಉಷ್ಣ ಆಗಿದೆ ಎಂದು ಎಳನೀರು ಕುಡಿದು ಸುಮ್ಮನಾಗಬೇಡಿ. ಆ ವಾರದಲ್ಲೇ ವೈದ್ಯರಿಗೆ ತೋರಿಸಿ. ಮೂರನೆಯದು, ಆಸ್ಪತ್ರೆಯ ಚೀಟಿಯಲ್ಲಿ ಉದ್ಯೋಗ ಎಂಬಲ್ಲಿ ‘ನಿವೃತ್ತ ಸರ್ಕಾರಿ ನೌಕರ’ ಎಂದು ಬರೆಯುತ್ತಾರೆ. ಹಾಗೆ ಬರೆಯಲು ಬಿಡಬೇಡಿ. ‘ಅಗ್ನಿಶಾಮಕ’ ಎಂದು ಬರೆಸಿ, ಮುಂದೆ ಎಷ್ಟು ವರ್ಷವೆಂಬುದನ್ನೂ ಬರೆಸಿ.”

“ಮೂವತ್ತೊಂದು ವರ್ಷ,” ಎಂದು ಅವರು ಹೇಳಿ ಕುಳಿತುಕೊಂಡರು.